ಅರವತ್ತರ ದಶಕದ ಟಿವಿ ಹಾಡುಗಳು: ಅಸಲಿ ಬಣ್ಣವನ್ನು ನಾನು ಗುರುತಿಸುವ ಬಗೆ

ಅರವತ್ತರ ದಶಕದಲ್ಲಿ ಟಿವಿಗಾಗಿ ಹಾಡಿದ ಪಾಪ್ ತಂಡಗಳ ತುಣುಕುಗಳನ್ನು ಹುಡುಕಿ ಪಟ್ಟಿ ಮಾಡುವ ಹುಚ್ಚು ನನಗೆ ಬಹಳ ವರ್ಷಗಳಿಂದ ಇದೆ. ಅದರಲ್ಲೂ ಆಗಲೇ ಬಣ್ಣದಲ್ಲಿ ರೆಕಾರ್ಡ್ ಆಗಿ ಇವತ್ತಿಗೂ ಉಳಿದಿರುವವು. ಅಂಥವು ಕಡಿಮೆ, ಹಾಗಾಗಿ ಒಂದೊಂದು ಸಿಕ್ಕಾಗಲೂ ಆಗುವ ಖುಷಿ ಹೇಳತೀರದು. ಈಗ ತೊಂದರೆ ಏನಂದ್ರೆ, ಕಂಪ್ಯೂಟರ್‌ನಲ್ಲಿ ಬಣ್ಣ ಹಚ್ಚಿದ ವಿಡಿಯೊಗಳೇ ಎಲ್ಲ ಕಡೆ ತುಂಬಿಕೊಂಡಿವೆ. ಅಸಲಿ ಯಾವುದು, ಆಮೇಲೆ ಹಚ್ಚಿದ್ದು ಯಾವುದು ಎಂದು ಬೇರೆ ಮಾಡಲು ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಅದರಲ್ಲಿ ಬಣ್ಣ ಬರುವುದು ಕೊನೆಗೆ.

ಮೊದಲು ತಾರೀಖು ನೋಡುತ್ತೇನೆ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಅಮೆರಿಕದಲ್ಲಿ ಬಣ್ಣದ ಪ್ರಸಾರಕ್ಕೆ 1953ರ ಡಿಸೆಂಬರ್‌ನಲ್ಲೇ ಒಪ್ಪಿಗೆ ಸಿಕ್ಕಿತ್ತು. ಆದರೂ ಹತ್ತು ವರ್ಷ ಅದನ್ನು ಮನಸ್ಸಿಟ್ಟು ಬೆಳೆಸಿದ್ದು ಎನ್‌ಬಿಸಿ ಎಂಬ ಟಿವಿ ಜಾಲ. ಅದರ ಒಡೆತನ ಇದ್ದದ್ದು ಟಿವಿ ಸೆಟ್ಟು ತಯಾರಿಸುವ ಆರ್‌ಸಿಎ ಕಂಪನಿಯ ಕೈಯಲ್ಲಿ, ಆರ್‌ಸಿಎಗೆ ಬಣ್ಣದ ಸೆಟ್ಟುಗಳು ಮಾರಾಟ ಆಗಬೇಕಿತ್ತು. ಇನ್ನೊಂದು ಜಾಲವಾದ ಸಿಬಿಎಸ್‌ನ ಮನರಂಜನೆ ಕಾರ್ಯಕ್ರಮ ಎಡ್ ಸಲಿವನ್ ಶೋ ಬಣ್ಣಕ್ಕೆ ಬಂದದ್ದು 1965ರ ಸೆಪ್ಟೆಂಬರ್‌ನಲ್ಲಿ. ಬೀಟಲ್ಸ್ ಆ ವೇದಿಕೆಯಲ್ಲಿ ಹಾಡಿದ ಕೊನೆಯ ಕಂತು ಪ್ರಸಾರ ಆದದ್ದು ಅದೇ ತಿಂಗಳ 12ರಂದು, ಅದು ಕಪ್ಪು-ಬಿಳುಪು. ಅಂದರೆ 1964ರ ಫೆಬ್ರುವರಿ 9ರ ಆ ಹೆಸರಾಂತ ಮೊದಲ ಕಂತನ್ನು ಯಾರಾದರೂ ಬಣ್ಣದಲ್ಲಿ ತೋರಿಸಿದರೆ, ಆ ಬಣ್ಣ ಆಮೇಲೆ ಹಚ್ಚಿದ್ದೇ. ಬೇರೆ ಪರೀಕ್ಷೆ ಬೇಕಿಲ್ಲ.

ಬ್ರಿಟನ್ನಿನ ಕಥೆ ಇನ್ನೂ ತಡ. ಬಿಬಿಸಿ 2ರಲ್ಲಿ ಬಣ್ಣ ಶುರುವಾದದ್ದು 1967ರ ಜುಲೈ 1ರಂದು, ವಿಂಬಲ್ಡನ್ ಟೆನಿಸ್‌ನೊಂದಿಗೆ. ಬಿಬಿಸಿ 1 ಮತ್ತು ಐಟಿವಿಗೆ ಬಂದದ್ದು 1969ರ ನವೆಂಬರ್ 15ರಂದು. ಪಶ್ಚಿಮ ಜರ್ಮನಿಯಲ್ಲಿ 1967ರ ಆಗಸ್ಟ್ 25, ಫ್ರಾನ್ಸ್‌ನಲ್ಲಿ ಅದೇ ವರ್ಷ ಅಕ್ಟೋಬರ್ 1. ಜಗತ್ತಿಗೆಲ್ಲ ಉಪಗ್ರಹದ ಮೂಲಕ ಹೋದ ‘ಅವರ್ ವರ್ಲ್ಡ್’ ನಡೆದದ್ದು 1967ರ ಜೂನ್ 25ರಂದು, ಅದೂ ಕಪ್ಪು-ಬಿಳುಪಿನಲ್ಲೇ. ಅದರಲ್ಲಿ ಬೀಟಲ್ಸ್ ಹೂವಿನ ನಡುವೆ ಕೂತು ಹಾಡುವ ಬಣ್ಣದ ದೃಶ್ಯ ನೀವು ನೋಡಿರಬಹುದು. ತೊಂಬತ್ತರ ದಶಕದಲ್ಲಿ ಅವರದ್ದೇ ಸಾಕ್ಷ್ಯಚಿತ್ರ ಸರಣಿಗಾಗಿ, ಅಂದಿನ ಫೋಟೊಗಳನ್ನು ನೋಡಿಕೊಂಡು ಹಚ್ಚಿದ ಬಣ್ಣ ಅದು. ಚೆನ್ನಾಗಿ ಹಚ್ಚಿದ್ದಾರೆ, ನಿಜ. ಆದರೂ ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಹಾಗಂತ ಪ್ರಸಾರ ಆದದ್ದು ಕಪ್ಪು-ಬಿಳುಪು ಎಂದ ಮಾತ್ರಕ್ಕೆ ಟೇಪೂ ಹಾಗೇ ಇರಬೇಕಿಲ್ಲ. 1968ರ ಸೆಪ್ಟೆಂಬರ್ 4ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್ ಸ್ಟುಡಿಯೊದಲ್ಲಿ ಬೀಟಲ್ಸ್ ‘ಹೇ ಜೂಡ್’ ಹಾಡಿದ್ದನ್ನು ಬಣ್ಣದ ವಿಡಿಯೊ ಟೇಪಿನಲ್ಲೇ ಹಿಡಿದಿದ್ದರು. ನಾಲ್ಕು ದಿನದ ನಂತರ ಡೇವಿಡ್ ಫ್ರಾಸ್ಟ್ ಕಾರ್ಯಕ್ರಮದಲ್ಲಿ ಬ್ರಿಟನ್ನಿನವರು ಅದನ್ನು ಕಪ್ಪು-ಬಿಳುಪಿನಲ್ಲಿ ನೋಡಿದರು. ಅಕ್ಟೋಬರ್‌ನಲ್ಲಿ ಅಮೆರಿಕದವರಿಗೆ ಬಣ್ಣದಲ್ಲೇ ಸಿಕ್ಕಿತು. ಇದಕ್ಕೇ ನಾನು ಚಾನೆಲ್ಲಿನ ತಾರೀಖಿನ ಜೊತೆ ರೆಕಾರ್ಡ್ ಮಾಡಿದ ಜಾಗವನ್ನೂ, ಯಾರಿಗೆ ಮಾರಲು ಮಾಡಿದ್ದು ಎಂಬುದನ್ನೂ ಬರೆದಿಟ್ಟುಕೊಳ್ಳುತ್ತೇನೆ.

ಎರಡನೆಯದು ಚಲನೆ. ಅಮೆರಿಕದ ವಿಡಿಯೊ ಟೇಪಿನಲ್ಲಿ ಸೆಕೆಂಡಿಗೆ ಸುಮಾರು 60 ಫೀಲ್ಡ್ ಇರುತ್ತವೆ. ಫೀಲ್ಡ್ ಅಂದರೆ ಚಿತ್ರದ ಅರ್ಧ ಗೆರೆಗಳು, ಎರಡು ಸೇರಿದರೆ ಒಂದು ಫ್ರೇಮ್. ಡ್ರಮ್ಮರ್‌ನ ಕೋಲು ಎದುರಿಗೇ ಆಡಿದಂತೆ ನಯವಾಗಿ ಕಾಣುತ್ತದೆ. ಟಿವಿ ಪರದೆಯನ್ನೇ ಫಿಲ್ಮ್ ಕ್ಯಾಮೆರಾದಿಂದ ಹಿಡಿದ ಪ್ರತಿಗೆ ಕಿನಿಸ್ಕೋಪ್ ಎನ್ನುತ್ತಾರೆ. ಅದರಲ್ಲಿ ಸೆಕೆಂಡಿಗೆ 24 ಫ್ರೇಮ್ ಮಾತ್ರ, ಕೋಲು ತಡವರಿಸುತ್ತದೆ. ಬಣ್ಣ ಇದೆ, ಆದರೆ ಚಲನೆ ಕಿನಿಸ್ಕೋಪಿನದು ಎಂದಾದರೆ ನನಗೆ ಅನುಮಾನ ಶುರು. ಆದರೆ ಮೊದಲಿಗೇ ಬಣ್ಣದ ಫಿಲ್ಮಿನಲ್ಲಿ ತೆಗೆದವೂ ಇವೆ, ‘ದಿ ಮಂಕೀಸ್’ ಸರಣಿ ಹಾಗೆ. ಅಲ್ಲಿ ಚಲನೆ ಫಿಲ್ಮಿನದೇ, ಬಣ್ಣವೂ ಅಸಲಿಯೇ. ಕೂದಲ ಎಳೆ, ಬಟ್ಟೆಯ ನೇಯ್ಗೆ ಬಿಡಿಸಿ ಕಾಣುತ್ತಾ ಎಂದು ನೋಡಿದರೆ ಗೊತ್ತಾಗಿಬಿಡುತ್ತದೆ. ಕಿನಿಸ್ಕೋಪಿನಲ್ಲಿ ಅವೆಲ್ಲ ಮಂಕು.

ಈ ಪರೀಕ್ಷೆಗೆ ಒಳ್ಳೆಯ ಪ್ರತಿ ಬೇಕು. ಸೆಕೆಂಡಿಗೆ 30 ಫ್ರೇಮಿಗೆ ಇಳಿಸಿ ಹಾಕಿದ ವಿಡಿಯೊದಲ್ಲಿ ಆ ನಯ ಸತ್ತುಹೋಗಿರುತ್ತದೆ. ನಮ್ಮ ಕಡೆ ಹಿಂದೆ ಓಡಾಡುತ್ತಿದ್ದ ವಿಎಚ್‌ಎಸ್ ಕ್ಯಾಸೆಟ್‌ಗಳದ್ದು ಇನ್ನೊಂದು ಪಾಡು. ನಮ್ಮಲ್ಲಿದ್ದದ್ದು ಪಾಲ್ ಎಂಬ ಬಣ್ಣದ ಟಿವಿ ಪದ್ಧತಿ, ಸೆಕೆಂಡಿಗೆ 50 ಫೀಲ್ಡ್. ಅಮೆರಿಕದ 60 ಫೀಲ್ಡನ್ನು ಅದಕ್ಕೆ ಹೊಂದಿಸುವಾಗ ಪಕ್ಕಪಕ್ಕದ ಚಿತ್ರಗಳನ್ನು ಬೆರೆಸುತ್ತಿದ್ದರು. ವಿಡಿಯೊ ತಡೆದು ನಿಲ್ಲಿಸಿದರೆ ಗಿಟಾರಿನ ಮೇಲೆ ಒಂದರ ಮೇಲೊಂದು ಎರಡು ಕೈ ಕಾಣುತ್ತವೆ. ಅಂಥ ಪ್ರತಿಯ ಮೇಲೆ ತೀರ್ಮಾನ ಮಾಡಬಾರದು, ಡಿವಿಡಿಯನ್ನೇ ಹುಡುಕಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಆ ಕಾಲದ ಟೇಪ್ ಎರಡು ಇಂಚು ಅಗಲ. ಸೆಕೆಂಡಿಗೆ 15 ಇಂಚು ಓಡುತ್ತಿತ್ತು. ಚಿತ್ರ ಬರೆಯಲು ನಿಮಿಷಕ್ಕೆ 14,400 ಸುತ್ತು ತಿರುಗುವ ಚಕ್ರದ ಮೇಲೆ ನಾಲ್ಕು ಹೆಡ್. ಒಂದೊಂದು ಹೆಡ್ ಒಂದು ಸಲಕ್ಕೆ ಚಿತ್ರದ ಸುಮಾರು 16 ಗೆರೆ ಮಾತ್ರ ಬರೆಯುತ್ತದೆ, ಆಮೇಲೆ ಮುಂದಿನ ಹೆಡ್. ನಾಲ್ಕೂ ಹೆಡ್ ಒಂದೇ ಸಮ ಇಲ್ಲದಿದ್ದರೆ ಬಣ್ಣದಲ್ಲಿ ಅಡ್ಡ ಪಟ್ಟಿಗಳು ಮೂಡುತ್ತವೆ. ನಾನು ಮಾಡುವುದಿಷ್ಟೇ: ಹಿಂದೆ ಸಾದಾ ಗೋಡೆ ಇರುವ ಅಥವಾ ಮುಖ ಹತ್ತಿರ ಬಂದಿರುವ ಒಂದು ಶಾಟ್ ಹಿಡಿದು ವಿಡಿಯೊ ನಿಲ್ಲಿಸುತ್ತೇನೆ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಜೋರಾಗಿ ಏರಿಸುತ್ತೇನೆ. ಅಸಲಿ ಟೇಪಾದರೆ ಎಷ್ಟೋ ಸಲ ಹಣೆಯ ಮೇಲೆ ಒಂದು ಪಟ್ಟಿ ಕೆಂಪಗೆ, ಮೂಗಿನ ಮೇಲೆ ಕೊಂಚ ಹಸಿರು ಬೆರೆತಂತೆ, ಗಲ್ಲದ ಮೇಲೆ ಮತ್ತೆ ಕೆಂಪಗೆ ಕಾಣುತ್ತದೆ. ಮೇಲಿನಿಂದ ಕೆಳಗೆ ಹದಿನೈದರಷ್ಟು ಪಟ್ಟಿ ಇರುತ್ತವೆ, ನಾಲ್ಕಕ್ಕೊಮ್ಮೆ ಅದೇ ಛಾಯೆ ಮರಳುತ್ತದೆ, ಏಕೆಂದರೆ ಅದೇ ಹೆಡ್ ಮತ್ತೆ ಬಂತು. ಆ ಪಟ್ಟಿ ಕಂಡರೆ ಆ ದಿನ ಸ್ಟುಡಿಯೊದಲ್ಲಿ ತಿರುಗಿದ ಯಂತ್ರದ ಗುರುತೇ ಸಿಕ್ಕಿದಂತೆ. ಪಟ್ಟಿ ಕಾಣದಿದ್ದರೆ ಸುಳ್ಳು ಅಂತಲ್ಲ, ಯಂತ್ರವನ್ನು ಚೆನ್ನಾಗಿ ಹೊಂದಿಸಿದ್ದರು ಎಂದೂ ಆಗಬಹುದು.

ಆಮೇಲೆ ಕ್ಯಾಮೆರಾ. ಎನ್‌ಬಿಸಿಯ ಆರ್‌ಸಿಎ ಟಿಕೆ-41 ಕ್ಯಾಮೆರಾದಲ್ಲಿ ಹೊಳೆಯುವ ವಸ್ತುವಿನ ಸುತ್ತ ಕಪ್ಪು ಅಂಚು ಮೂಡುತ್ತದೆ. ಸಿಬಿಎಸ್ 1965ರಿಂದ ಬಳಸಿದ ನೊರೆಲ್ಕೊ ಕ್ಯಾಮೆರಾದಲ್ಲಿ ಹಾಗಿಲ್ಲ. ಅಲ್ಲಿ ಡ್ರಮ್ ಸೆಟ್ಟಿನ ಲೋಹದ ತಟ್ಟೆ (ಸಿಂಬಲ್) ಮಿಂಚಿದಾಗ ಹಿಂದೆ ಬಾಲದಂತೆ ಬೆಳಕು ಎಳೆಯುತ್ತದೆ. 1967ರ ಸೆಪ್ಟೆಂಬರ್ 17ರ ಭಾನುವಾರ ಸಿಬಿಎಸ್‌ನಲ್ಲಿ ಎಡ್ ಸಲಿವನ್ ಶೋದಲ್ಲಿ ಡೋರ್ಸ್ ತಂಡದವರು ಹಾಡಿದರು, ಅದೇ ರಾತ್ರಿ ಸ್ಮದರ್ಸ್ ಬ್ರದರ್ಸ್ ಕಾರ್ಯಕ್ರಮದಲ್ಲಿ ದಿ ಹೂ ತಂಡದ ಡ್ರಮ್ ಸಿಡಿಯಿತು. ಎರಡೂ ಬಣ್ಣದಲ್ಲಿ ಉಳಿದಿವೆ. ಹೊಸದಾಗಿ ಶುರು ಮಾಡುವವರಿಗೆ ಈ ಎರಡನ್ನು ಒಟ್ಟಿಗೆ ನೋಡಿ ಎನ್ನುತ್ತೇನೆ.

ಬಣ್ಣ ನೋಡುವುದು ಇದೆಲ್ಲ ಆದ ಮೇಲೆ. ಅಸಲಿ ಬಣ್ಣ ಅಂಚು ಮೀರಿ ಪಕ್ಕಕ್ಕೆ ಸ್ವಲ್ಪ ಹರಿಯುತ್ತದೆ, ಕೆಂಪಂತೂ ಜಾಸ್ತಿ. ಕಂಪ್ಯೂಟರ್ ಹಚ್ಚಿದ್ದು ನಿಲ್ಲುವುದಿಲ್ಲ: ಒಂದು ಶಾಟ್‌ನಲ್ಲಿ ಕೆಂಪಾಗಿದ್ದ ಗಿಟಾರ್ ಮುಂದಿನದರಲ್ಲಿ ಕಂದು, ಬೀಸುವ ಕೈ ಬೂದು.

ಇಷ್ಟೆಲ್ಲ ಹುಡುಕಿದರೂ ಉಳಿದದ್ದು ಕಡಿಮೆ, ಅದು ನೋವಿನ ಮಾತು. ಒಂದು ಗಂಟೆಯ ಕಾರ್ಯಕ್ರಮಕ್ಕೆ ಸುಮಾರು 1,370 ಮೀಟರ್ ಟೇಪ್ ಬೇಕು. ಬೆಲೆ ದುಬಾರಿ, ಹಾಗಾಗಿ ಅಳಿಸಿ ಮತ್ತೆ ಬಳಸುತ್ತಿದ್ದರು. ಎನ್‌ಬಿಸಿಯ ‘ಹಲಬಲೂ’ 1965–66ರಲ್ಲಿ ಪೂರ್ತಿ ಪಾಪ್ ಸಂಗೀತಕ್ಕೇ ಮೀಸಲಾಗಿದ್ದ, ಬಣ್ಣದಲ್ಲೇ ಮಾಡಿದ ಕಾರ್ಯಕ್ರಮ. ಇವತ್ತು ಬಹುಪಾಲು ಕಂತುಗಳು ಸಿಗುವುದು ಕಪ್ಪು-ಬಿಳುಪು ಕಿನಿಸ್ಕೋಪಿನಲ್ಲಿ, ಬಣ್ಣದ ಟೇಪ್ ಬೆರಳೆಣಿಕೆಯಷ್ಟು. ಬಿಬಿಸಿ 2ರ ‘ಕಲರ್ ಮಿ ಪಾಪ್’ ಹೆಸರಲ್ಲೇ ಬಣ್ಣ ಇಟ್ಟುಕೊಂಡದ್ದು, ಅದರಲ್ಲೂ ಹೆಚ್ಚಿನವು ಹೋದವು. ಸ್ಮಾಲ್ ಫೇಸಸ್ ತಂಡ ಹಾಡಿದ 1968ರ ಕಂತು ಉಳಿಯಿತಲ್ಲ ಎಂಬುದೇ ಸಮಾಧಾನ. ಎಡ್ ಸಲಿವನ್ ಶೋ ಟೇಪುಗಳು ಉಳಿದದ್ದು ಸಲಿವನ್ ಅವರ ಮನೆಯವರು ಇಟ್ಟುಕೊಂಡಿದ್ದರಿಂದ. 1990ರಲ್ಲಿ ನಿರ್ಮಾಪಕ ಆಂಡ್ರೂ ಸೋಲ್ಟ್ ಅವರ ಕಂಪನಿ ಅವನ್ನು ಕೊಂಡಿತು. ಎಲ್ವಿಸ್ 1968ರ ಜೂನ್‌ನಲ್ಲಿ ಬರ್‌ಬ್ಯಾಂಕ್‌ನ ಎನ್‌ಬಿಸಿ ಸ್ಟುಡಿಯೊದಲ್ಲಿ ಹಾಡಿದ್ದು, ಆ ಡಿಸೆಂಬರ್‌ನಲ್ಲಿ ಪ್ರಸಾರವಾದದ್ದು, ಬಳಸದೆ ಬಿಟ್ಟ ಭಾಗಗಳ ಸಮೇತ ನಮಗೆ ಸಿಕ್ಕಿದೆ.

ಕಪ್ಪು-ಬಿಳುಪು ಪ್ರತಿ ಸಿಕ್ಕರೂ ನಾನೀಗ ಬಿಸಾಡುವುದಿಲ್ಲ. ಬಣ್ಣದ ಸಿಗ್ನಲ್ಲನ್ನು ಸೋಸದೆ ಪರದೆಗೆ ಕೊಟ್ಟು ಫಿಲ್ಮ್ ಮಾಡಿದ್ದರೆ, ಬಣ್ಣದ ಮಾಹಿತಿ ಸಣ್ಣ ಚುಕ್ಕಿಗಳಾಗಿ ಆ ಫಿಲ್ಮಿನಲ್ಲೇ ಕೂತಿರುತ್ತದೆ. ಬ್ರಿಟನ್ನಿನಲ್ಲಿ ಆ ಚುಕ್ಕಿಗಳಿಂದ ಬಣ್ಣ ಮರಳಿ ತೆಗೆಯುವ ವಿಧಾನ ಕಂಡುಕೊಂಡರು. ‘ಡ್ಯಾಡ್ಸ್ ಆರ್ಮಿ’ ಎಂಬ ಹಾಸ್ಯ ಸರಣಿಯ ಒಂದು ಕಂತನ್ನು ಹಾಗೆ ಮರಳಿ ಪಡೆದು 2008ರ ಡಿಸೆಂಬರ್‌ನಲ್ಲಿ ಪ್ರಸಾರ ಮಾಡಿದರು. ಇದು ಊಹೆಯ ಬಣ್ಣ ಅಲ್ಲ, ಅಂದಿನ ಕ್ಯಾಮೆರಾ ಕಂಡ ಬಣ್ಣ. ಅಮೆರಿಕದ ಕಿನಿಸ್ಕೋಪಿನಲ್ಲಿ ಈ ಕೆಲಸ ಇನ್ನೂ ಕಷ್ಟ, 30 ಫ್ರೇಮನ್ನು 24ಕ್ಕೆ ಇಳಿಸಿರುತ್ತಾರಲ್ವಾ. ಆದರೂ 1965ರ ನಂತರದ ಯಾವುದೇ ಕಪ್ಪು-ಬಿಳುಪು ಪ್ರತಿ ಸಿಕ್ಕಿದಾಗ, ಮೂಲ ಕಾರ್ಯಕ್ರಮ ಬಣ್ಣದ್ದು ಎಂದು ಗೊತ್ತಿದ್ದರೆ, ಗಾಢ ಬಣ್ಣದ ಬಟ್ಟೆ ಇರಬಹುದಾದ ಜಾಗವನ್ನು ಹಿಗ್ಗಿಸಿ ಚುಕ್ಕಿ ಹುಡುಕುತ್ತೇನೆ. ಡಿವಿಡಿಯಲ್ಲಿ ಅವು ಅಳಿಸಿಹೋಗಿರುತ್ತವೆ, ಫಿಲ್ಮಿನ ದೊಡ್ಡ ಸ್ಕ್ಯಾನ್ ಬೇಕು. ಫಿಲ್ಮ್ ಇಟ್ಟುಕೊಂಡವರು ಯಾರಾದರೂ ಪರಿಚಯವಾದರೆ ನಾನು ಕೇಳುವುದು ಒಂದೇ: ಸ್ಕ್ಯಾನ್ ಮಾಡಿಸುವಾಗ ಚಿತ್ರ ನುಣುಪಾಗಿಸುವ ಸಾಫ್ಟ್‌ವೇರ್ ಹಾಕಬೇಡಿ, ಮಾಡಿಸಿದ ಮೇಲೂ ಫಿಲ್ಮನ್ನು ಬಿಸಾಡಬೇಡಿ.