ಬೆಳಕಿನ ದಾರಿ ಬದಲಿಸುವಾಗ ಯಾವ ಟ್ರಾಫಿಕ್‌ಗೆ ಮೊದಲ ಮಣೆ?

ಒಂದು ಜೋಡಿ ಫೈಬರ್‌ನಲ್ಲಿ 50 ಗಿಗಾಹರ್ಟ್ಸ್ ಅಂತರದಲ್ಲಿ 80–96 ವೇವ್‌ಲೆಂತ್‌ಗಳು (ಒಂದೊಂದೂ ಬೇರೆ ಬಣ್ಣದ ಬೆಳಕಿನ ಚಾನೆಲ್) ಓಡುತ್ತವೆ. ದುರಸ್ತಿಗೆಂದು ಆ ಫೈಬರ್ ಖಾಲಿ ಮಾಡಿಕೊಡಬೇಕಾದರೆ ಅಷ್ಟೂ ಬೇರೆ ದಾರಿ ಹಿಡಿಯಬೇಕು. ತೊಡಕು ಏನೆಂದರೆ, ತುರ್ತು ಕರೆಯೂ ಸಿನಿಮಾ ಡೌನ್‌ಲೋಡೂ ಒಂದೇ ವೇವ್‌ಲೆಂತ್‌ನಲ್ಲಿ ಕೂತಿರುತ್ತವೆ. ಬೆಳಕಿಗೆ ಭೇದ ಗೊತ್ತಿಲ್ಲ. ಹಾಗಾಗಿ ಆದ್ಯತೆಯ ಕೆಲಸ ರೂಟರ್‌ನಲ್ಲಿ ಮುಗಿದ ಮೇಲೆಯೇ ರೋಡಮ್‌ಗೆ, ಅಂದರೆ ವೇವ್‌ಲೆಂತ್‌ಗಳ ದಾರಿ ಬದಲಿಸುವ ಸಾಧನಕ್ಕೆ, ಕೈ ಹಾಕಬೇಕು.

ಮೊದಲು ಬದಲಿ ದಾರಿಯನ್ನು ನೋಡಿ. ನಕ್ಷೆಯಲ್ಲಿ ಎರಡು ಗೆರೆ ಕಂಡರೂ ನೆಲದೊಳಗೆ ಎರಡೂ ಒಂದೇ ಡಕ್ಟ್‌ನಲ್ಲಿ (ಕೇಬಲ್ ಕೊಳವೆಯಲ್ಲಿ) ಇರಬಹುದು. ಜೆಸಿಬಿ ನಕ್ಷೆ ನೋಡಿ ಅಗೆಯುವುದಿಲ್ಲ.

ಮುಂದಿನದು ಲೆಕ್ಕ, ಹೆಚ್ಚಿನವರು ಎಡವುವುದೂ ಇಲ್ಲೇ. ದಾರಿ ಉದ್ದವಾದರೆ ಬೆಳಕಿನಲ್ಲಿ ಬಿಟ್‌ಗಳನ್ನು ಒತ್ತೊತ್ತಾಗಿ ತುಂಬುವ 16 ಕ್ವಾಮ್ ವಿಧಾನ ತಡೆಯದೆ, ಕಡಿಮೆ ತುಂಬಿದರೂ ದೂರ ತಾಳುವ ಕ್ಯೂಪಿಎಸ್‌ಕೆಗೆ ಇಳಿಯಬೇಕಾಗಬಹುದು. ಆಗ 200 ಗಿಗಾಬಿಟ್‌ನ ವೇವ್‌ಲೆಂತ್ 100 ಆಗುತ್ತದೆ. ಅಂಥ ಎರಡು ಇವೆ ಎನ್ನಿ: 400 ಇದ್ದದ್ದು 200. ಸಂಜೆಯ ಬೇಡಿಕೆ 260. ಅದರಲ್ಲಿ ಧ್ವನಿ ಮತ್ತು ಸಿಗ್ನಲಿಂಗ್ 10, ಲೀಸ್ಡ್ ಲೈನ್ (ಸಂಸ್ಥೆಗಳು ಬಾಡಿಗೆಗೆ ಪಡೆದ ಮೀಸಲು ಸಂಪರ್ಕ) 90, ಉಳಿದ 160 ಸಾಮಾನ್ಯ ಇಂಟರ್ನೆಟ್. ಮೊದಲ 100ಕ್ಕೆ ಜಾಗ ಕಾಯ್ದಿಟ್ಟರೆ ಇಂಟರ್ನೆಟ್‌ಗೆ 60 ಕೊರತೆ. ಬ್ಯಾಕಪ್, ಸಾಫ್ಟ್‌ವೇರ್ ಅಪ್‌ಡೇಟ್‌ಗಳನ್ನು ಮೊದಲು ತಡೆಹಿಡಿಯಿರಿ. ಕೆಲಸವನ್ನು ರಾತ್ರಿ 2ರಿಂದ 4ರೊಳಗೆ ಇಟ್ಟುಕೊಳ್ಳಿ. ಪ್ರತಿ ಕಿಲೋಮೀಟರ್‌ಗೆ ಬೆಳಕು ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುವುದರಿಂದ, 600 ಕಿ.ಮೀ. ಸುತ್ತಿದರೆ ಹೋಗಿಬರಲು 6 ಮಿಲಿಸೆಕೆಂಡ್ ಹೆಚ್ಚು. ಎರಡು ಡೇಟಾ ಸೆಂಟರ್‌ಗಳ ನಡುವೆ ಏಕಕಾಲಕ್ಕೆ ದಾಖಲೆ ಬರೆಯುವ ಬ್ಯಾಂಕ್‌ಗಳನ್ನು ಮುಂಚೆಯೇ ಕೇಳಿ.

ಈಗ ಕ್ಯೂ, ಅಂದರೆ ರೂಟರ್‌ನಲ್ಲಿ ಪ್ಯಾಕೆಟ್‌ಗಳು ಕಾಯುವ ಸಾಲು. ಧ್ವನಿಗೆ ಡಿಎಸ್‌ಸಿಪಿ (ಪ್ಯಾಕೆಟ್‌ನ ಮೇಲಿನ ಆದ್ಯತೆಯ ಗುರುತು) 46, ಕಟ್ಟುನಿಟ್ಟಿನ ಆದ್ಯತೆ. ಆದರೆ ಅದಕ್ಕೊಂದು ಮಿತಿ ಹಾಕಿ. ಹಾಕದಿದ್ದರೆ ತಪ್ಪು ಗುರುತು ಹೊತ್ತು ಬಂದ ಟ್ರಾಫಿಕ್ ಉಳಿದವುಗಳ ಉಸಿರು ಕಟ್ಟಿಸುತ್ತದೆ. ರೂಟಿಂಗ್ ಪ್ಯಾಕೆಟ್‌ಗಳಿಗೆ 48, ಪ್ರತ್ಯೇಕ ಕ್ಯೂ. ಇದನ್ನು ಮರೆತರೆ ದಟ್ಟಣೆಯಲ್ಲಿ, ‘ನಾನಿದ್ದೇನೆ’ ಎಂದು ರೂಟರ್‌ಗಳು ಪರಸ್ಪರ ಕಳಿಸುವ ಹಲೋ ಪ್ಯಾಕೆಟ್‌ಗಳೇ ಬಿದ್ದುಹೋಗಿ, ಸರಿಯಿದ್ದ ಲಿಂಕೂ ಸತ್ತಂತೆ ಕಾಣುತ್ತದೆ.

ಖಾಲಿ ಮಾಡಲೆಂದು ರೂಟರ್ ಪೋರ್ಟನ್ನು ಶಟ್ ಮಾಡಬೇಡಿ. ದಾರಿ ಆರಿಸುವ ಓಎಸ್‌ಪಿಎಫ್ ಪ್ರೋಟೋಕಾಲ್‌ನಲ್ಲಿ ಆ ಲಿಂಕ್‌ನ ಕಾಸ್ಟನ್ನು ಎರಡೂ ತುದಿಯಲ್ಲಿ ಗರಿಷ್ಠ ಮಿತಿಯಾದ 65535ಕ್ಕೆ ಏರಿಸಿ. ಟ್ರಾಫಿಕ್ ತಾನಾಗಿ ಬೇರೆ ಲಿಂಕ್‌ಗೆ ಸರಿಯುತ್ತದೆ. ಪೋರ್ಟ್‌ನ ಗ್ರಾಫ್ ನೆಲ ಮುಟ್ಟಿದ್ದನ್ನು ಕಣ್ಣಾರೆ ನೋಡಿದ ಮೇಲೆ ವೇವ್‌ಲೆಂತ್ ಸರಿಸಿ. ಮುಖ್ಯವಾದದ್ದನ್ನೇ ಮೊದಲು ಸಾಗಿಸೋಣ ಎನ್ನಿಸುವುದು ಸಹಜ, ಆದರೆ ಹೊಸ ದಾರಿಯಲ್ಲಿ ಮೊದಲು ಓಡಬೇಕಾದದ್ದು ಕಡಿಮೆ ಆದ್ಯತೆಯ ವೇವ್‌ಲೆಂತ್. ಕೊಳಕು ಕನೆಕ್ಟರ್ ಇದ್ದರೆ ಪೆಟ್ಟು ಅದಕ್ಕೇ ಬೀಳಲಿ. ಎಫ್‌ಇಸಿಗೆ (ಬಿಟ್ ದೋಷಗಳನ್ನು ತಾನೇ ತಿದ್ದುವ ವ್ಯವಸ್ಥೆಗೆ) ಮುಂಚಿನ ದೋಷ ಪ್ರಮಾಣ 15 ನಿಮಿಷ ಅಲುಗಾಡದಿದ್ದರೆ ಮುಂದಿನದಕ್ಕೆ ಹೋಗಿ.

ಒಂದೇ ಏಟಿಗೆ ಅರ್ಧದಷ್ಟನ್ನು ಎತ್ತಬೇಡಿ. 80ರಲ್ಲಿ 40 ಹೋದರೆ ಆಂಪ್ಲಿಫೈಯರ್‌ಗೆ ಬರುವ ಒಟ್ಟು ಶಕ್ತಿ 3 ಡಿಬಿ, ಅಂದರೆ ಅರ್ಧಕ್ಕೆ, ಇಳಿಯುತ್ತದೆ. ಗೇನ್ (ವರ್ಧನೆಯ ಪ್ರಮಾಣ) ನಿಯಂತ್ರಣ ಸುಧಾರಿಸಿಕೊಳ್ಳುವಷ್ಟರಲ್ಲಿ ಉಳಿದವುಗಳ ಶಕ್ತಿ ಜಿಗಿದು, ನೀವು ಮುಟ್ಟದ ಗ್ರಾಹಕರಿಗೂ ದೋಷ ಕಾಣಿಸುತ್ತದೆ. ನಾಲ್ಕೈದರ ಗುಂಪು ಸಾಕು.

1+1 ರಕ್ಷಣೆಯಿರುವ, ಅಂದರೆ ಒಂದೇ ಸಿಗ್ನಲ್ ಎರಡು ದಾರಿಯಲ್ಲಿ ಹೋಗುವ ಲಿಂಕ್‌ಗಳು 50 ಮಿಲಿಸೆಕೆಂಡ್‌ನೊಳಗೆ ತಾವೇ ಹೊರಳಬೇಕು. ಅಲ್ಲಿ ಲಿಂಕ್ ಸತ್ತಿತೆಂದು ತೀರ್ಮಾನಿಸುವ ಮುನ್ನ ರೂಟರ್ ಕಾಯುವ ಅವಧಿಯನ್ನು 100 ಮಿಲಿಸೆಕೆಂಡ್ ಆಸುಪಾಸು ಇಡಿ, ಇಲ್ಲವಾದರೆ ಬೆಳಕಿನ ಪದರ, ರೂಟರ್ ಪದರ ಎರಡೂ ಒಟ್ಟಿಗೇ ದಾರಿ ಹುಡುಕಹೊರಡುತ್ತವೆ. ದುರಸ್ತಿ ಮುಗಿದೊಡನೆ ತಾನಾಗಿ ಹಳೆಯ ದಾರಿಗೆ ಮರಳುವ ಸೆಟ್ಟಿಂಗನ್ನೂ ಆ ರಾತ್ರಿಯ ಮಟ್ಟಿಗೆ ನಿಲ್ಲಿಸಿಡಿ: ಹೊಸ ಸ್ಪ್ಲೈಸ್‌ನ (ಫೈಬರ್ ಬೆಸುಗೆಯ) ಓಟಿಡಿಆರ್, ಅಂದರೆ ಬೆಳಕು ಹಾಯಿಸಿ ಮಾಡುವ ಪರೀಕ್ಷೆ, ನೋಡುವ ಮೊದಲೇ ಟ್ರಾಫಿಕ್ ಅದರ ಮೇಲೆ ಹತ್ತಬಾರದು.