ಕೃಷಿ ಹೊಂಡದಲ್ಲಿ ಮೀನು ಬಿಡುವ ಮುಂಚೆ ಪಕ್ಕದ ಹೊಲದವರನ್ನು ಮಾತಾಡಿಸಿ

ಹಾವೇರಿ ಕಡೆ ನಮ್ಮ ಕಾಕಾನ ಹೊಲದಲ್ಲಿ 21 ಮೀಟರ್ ಉದ್ದ, ಅಷ್ಟೇ ಅಗಲದ ಕೃಷಿ ಹೊಂಡ ಇದೆ. ಮೊದಲ ವರ್ಷ ಮರಿ ಎಷ್ಟು, ಹಿಂಡಿ ಎಷ್ಟು ಅಂತ ಎಲ್ಲ ಲೆಕ್ಕ ಹಾಕಿಯೇ ಮೀನು ಬಿಟ್ಟಿದ್ದೆವು. ಪಕ್ಕದವರು ಹತ್ತಿಗೆ ಔಷಧ ಹೊಡೆದ ಮರುದಿನವೇ ಜೋರು ಮಳೆ ಬಂತು, ಆ ನೀರೆಲ್ಲ ಹರಿದು ಹೊಂಡಕ್ಕೆ ಇಳಿಯಿತು, ಬೆಳಗ್ಗೆ ಹೋಗಿ ನೋಡಿದರೆ ಬೆರಳುದ್ದದ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಜಗಳ ಆಗಲಿಲ್ಲ. ಆದರೆ ಎರಡು ತಿಂಗಳು ಮಾತೂ ಇರಲಿಲ್ಲ.

ಹಾಗಾಗಿ ಮೊದಲ ಕೆಲಸ ಇದು: ಔಷಧ ಹೊಡೆಯುವ ಮುಂಚೆ ಒಂದು ಫೋನ್ ಮಾಡಿ ಅಂತ ಅಕ್ಕಪಕ್ಕದವರಿಗೆ ಹೇಳಿಡಿ. ಆ ವಾರ ನೀರು ಒಳಗೆ ಬರುವ ಬಾಯಿಗೆ ಮಣ್ಣು ಹಾಕಿ ಮುಚ್ಚಿ. ಊರ ಕೆರೆ ಆದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಗುಡಿ ಪಕ್ಕದ ಕೆರೆ ಆದರೆ ಹಿರಿಯರನ್ನೂ ಕೇಳಿ. ಮೀನು ತಿನ್ನದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ, ಅಲ್ವಾ.

ಎರಡನೆಯದು ಬೇಲಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಕಾಲು ಜಾರಿದರೆ ದೊಡ್ಡವರಿಗೂ ಮೇಲೆ ಬರಲು ಆಗಲ್ಲ. ಸುತ್ತ ಬೇಲಿ ಹಾಕಿ, ಗಂಟು ಹಾಕಿದ ದಪ್ಪ ಹಗ್ಗ ನೀರಿನವರೆಗೆ ಇಳಿಬಿಡಿ. ಇದನ್ನು ಮಾತ್ರ ನಾಳೆ ಅನ್ನಬೇಡಿ.

ಈಗ ನೀರು. ಗುಂಟೆಗೆ 2-3 ಕಿಲೋ ಸುಣ್ಣ, ವಾರ ಬಿಟ್ಟು 20-25 ಕಿಲೋ ಸಗಣಿ. "ಏನ್ ತಮ್ಮಾ, ಮೀನಿಗೂ ಗೊಬ್ಬರ ಹಾಕ್ತಾರೇನು?" ಅಂತ ಕಾಕಾ ನಕ್ಕಿದ್ದ. ಸಗಣಿಯಿಂದ ನೀರು ಹಸಿರಾಗುತ್ತದೆ, ಆ ಹಸಿರಿನಲ್ಲಿ ಹುಟ್ಟುವ ಸಣ್ಣ ಜೀವಿಗಳೇ ಮರಿಗಳ ಮೊದಲ ಊಟ. ಮೊಣಕೈವರೆಗೆ ಕೈ ಮುಳುಗಿಸಿ ನೋಡಿ. ಅಂಗೈ ಕಾಣದಷ್ಟು ಹಸಿರಾಗಿದ್ದರೆ ಸಗಣಿ ನಿಲ್ಲಿಸಿ.

ನಮ್ಮಷ್ಟು ಹೊಂಡಕ್ಕೆ 300 ಮರಿ ಸಾಕು: ಕಾಟ್ಲಾ 120, ರೋಹು 90, ಮೃಗಾಲ್ 90. ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ, ಒಂದರ ಊಟಕ್ಕೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. ಜಾಸ್ತಿ ಬಿಟ್ಟರೆ ಜಾಸ್ತಿ ಸಿಗುತ್ತದೆ ಅನ್ನುವುದು ಸುಳ್ಳು. ಮಳೆಗಾಲದಲ್ಲಿ, ತಂಪು ಹೊತ್ತಲ್ಲಿ ಬಿಡಿ. ಮರಿ ಇರುವ ಚೀಲವನ್ನು 15-20 ನಿಮಿಷ ನೀರಲ್ಲಿ ತೇಲಿಬಿಟ್ಟು, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪ ಒಳಗೆ ಬಿಟ್ಟು, ಆಮೇಲೆ ಅವಾಗಿಯೇ ಈಜಿ ಹೊರಗೆ ಬರಲಿ.

ಊಟಕ್ಕೆ ಶೇಂಗಾ ಹಿಂಡಿ, ಅಕ್ಕಿ ತೌಡು ಸಮಸಮ. ತೂತು ಮಾಡಿದ ಚೀಲದಲ್ಲಿ ತುಂಬಿ ಗೂಟಕ್ಕೆ ಕಟ್ಟಿ, ದಿನಾ ಅದೇ ಹೊತ್ತು, ಅದೇ ಜಾಗ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಹಸಿವು ಅಂದುಕೊಳ್ಳಬೇಡಿ, ನೀರಲ್ಲಿ ಆಮ್ಲಜನಕ ಕಡಿಮೆ ಆಗಿದೆ. ಆ ದಿನ ಹಿಂಡಿ ಬಂದ್, ಪಂಪ್ ಹಚ್ಚಿ ನೀರನ್ನು ಮೇಲಿಂದ ಸುರಿಸಿ. ಅನುಮಾನ ಇದ್ದರೆ ಹನುಮನಮಟ್ಟಿ ಇಲ್ಲವೇ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ.

ಎಂಟು-ಹತ್ತು ತಿಂಗಳಿಗೆ ಮೀನು ಮುಕ್ಕಾಲು ಕಿಲೋ ಆಸುಪಾಸು ಬರುತ್ತದೆ. 200 ಉಳಿದರೆ 150 ಕಿಲೋ. ಕಿಲೋಗೆ 150 ರೂಪಾಯಿ ಸಿಕ್ಕಿತು ಅಂತ ಇಟ್ಟುಕೊಂಡರೂ 22,500. ಹಿಂಡಿ, ಮರಿ, ಬಲೆ ಖರ್ಚು ಕಳೆಯಿರಿ. ಮನೆ ಕಟ್ಟುವ ರೊಕ್ಕ ಅಲ್ಲ ಇದು. ಆದರೆ ಹೊಲದಲ್ಲಿ ಬೆಳೆ ಇಲ್ಲದ ಬೇಸಿಗೆಯಲ್ಲಿ ಕೈಗೆ ಬರುತ್ತದೆ, ಅದಕ್ಕೇ ಅದಕ್ಕೆ ಬೆಲೆ. ಎಲ್ಲವನ್ನೂ ಒಂದೇ ದಿನ ಹಿಡಿದರೆ ವ್ಯಾಪಾರಿ ಹೇಳಿದ್ದೇ ರೇಟು. ವಾರಕ್ಕೆ ಹತ್ತು-ಹದಿನೈದು ಕಿಲೋ ಹಿಡಿದು ಊರಲ್ಲೇ ಮಾರಿ, ಭಾನುವಾರ ಆದರೆ ಒಳ್ಳೆಯದು, ಸೋಮವಾರ ಬೇಡವೇ ಬೇಡ. ಬಲೆ ಎಳೆಯಲು ವರದಾ, ತುಂಗಭದ್ರಾ ದಂಡೆಯ ಅಂಬಿಗರನ್ನು ಕರೆಯಿರಿ, ಕೂಲಿ ಜೊತೆ ಒಂದು ಪಾಲು ಮೀನೂ ಕೊಡಿ. ಅವರ ಕೈಗೆ ಬರುವ ಕಸುಬು ನಮಗೆ ಬರಲ್ಲ.

ಇನ್ನು ರೊಕ್ಕ ಯಾರದು? "ದಿನಾ ಹಿಂಡಿ ಹಾಕಾಕಿ ನಾನು, ರೊಕ್ಕ ಎಣಸಾಂವ ನೀನೇನು?" ಅಂತ ಕಾಕು ಒಂದು ದಿನ ಕಾಕಾನನ್ನು ಕೇಳಿಯೇಬಿಟ್ಟಳು. ಈಗ ಮಾರಾಟ ಅವಳದು. ಹೊಸದಾಗಿ ಹೊಂಡ ತೆಗೆಸುವವರಿಗೆ ಇನ್ನೊಂದು ಮಾತು: 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40 ಸಹಾಯಧನ, ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ 60. ಅರ್ಜಿ ಯಾರ ಹೆಸರಲ್ಲಿ ಹಾಕಬೇಕು ಅಂತ ಮನೆಯಲ್ಲಿ ಕೂತು ಮಾತಾಡಿ.

ಊರಲ್ಲಿ ಮಾರಿದರೆ ಉದ್ರಿ ತಪ್ಪಿದ್ದಲ್ಲ, ಒಂದು ನೋಟ್‌ಬುಕ್ ಇಡಿ. ಕಾಕು ಬರೆದಿಟ್ಟ ಲೆಕ್ಕದಲ್ಲಿ ಪಕ್ಕದ ಹತ್ತಿ ಹೊಲದವರ ಹೆಸರಿನ ಮುಂದೆ ಇನ್ನೂ ಎರಡು ಕಿಲೋ ಬಾಕಿ ಇದೆ.