ಹೆಂಚು ಸರಿಯಿದ್ದರೂ ಸೋರುತ್ತಿದೆಯೇ? ಸೀಸದ ಪಟ್ಟಿ ನೋಡಿ

ಚಿಮಣಿಯ ಬುಡದಲ್ಲೋ, ಇಳಿಜಾರು ಮಾಡು ಗೋಡೆಗೆ ತಾಗುವಲ್ಲೋ ನೀರು ಇಳಿಯತೊಡಗಿದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಹೆಂಚಿನ ಮೇಲೆ. ನಾಲ್ಕು ಹೆಂಚು ಬದಲಾಯಿಸಿ ಸಮಾಧಾನಪಟ್ಟುಕೊಳ್ಳುತ್ತೇವೆ. ಮುಂದಿನ ಮಳೆಗೆ ಅದೇ ಜಾಗದಲ್ಲಿ ಅದೇ ಕಲೆ. ಅಲ್ಲಿ ನೀರು ತಡೆಯಬೇಕಾದದ್ದು ಹೆಂಚಲ್ಲ, ಗೋಡೆಯ ಸಂದಿನಿಂದ ಇಳಿದು ಹೆಂಚಿನ ಮೇಲೆ ಹೊದ್ದುಕೊಂಡಿರುವ ಬೂದು ಬಣ್ಣದ ಸೀಸದ ಪಟ್ಟಿ. ಕಟ್ಟಡದವರು ಇದನ್ನು ಫ್ಲ್ಯಾಷಿಂಗ್ ಎನ್ನುತ್ತಾರೆ.

ಒಣ ದಿನ ನೋಡಿ ಹತ್ತಿರ ಹೋಗಿ ಪರೀಕ್ಷಿಸಿ. ಪಟ್ಟಿಯ ಮೇಲಂಚು ಗೋಡೆಯ ಗಾರೆಯೊಳಗೆ ಕೂತಿರುತ್ತದೆ. ಗಾರೆ ಉದುರಿ ಅಂಚು ಹೊರಗೆ ಬಂದಿದ್ದರೆ ಅದು ಸಣ್ಣ ಕೆಲಸ, ಸೀಸ ಬದಲಾಯಿಸಬೇಕಿಲ್ಲ. ಕೆಳಂಚು ಗಾಳಿಗೆ ಮೇಲೆದ್ದಿದ್ದರೂ ಅಷ್ಟೇ. ನಿಜವಾದ ತೊಂದರೆ ಬಿರುಕು. ಅದು ಸುಲಭಕ್ಕೆ ಕಾಣುವುದಿಲ್ಲ. ಹೆಂಚಿನ ಉಬ್ಬಿನ ಮೇಲೆ ತಗಡು ಬಾಗಿರುವಲ್ಲಿ ಕೂದಲೆಳೆಯ ಗೆರೆಯಂತೆ ಅಡ್ಡಕ್ಕೆ ಓಡಿರುತ್ತದೆ. ಕೈಗವಸು ಹಾಕಿಕೊಂಡು ತಗಡನ್ನು ತುಸು ಒತ್ತಿದರೆ ಗೆರೆ ಬಾಯಿ ಬಿಡುತ್ತದೆ.

ಈ ಬಿರುಕು ಏಕೆ ಬರುತ್ತದೆಂದು ತಿಳಿಯದೆ ಹೊಸ ಪಟ್ಟಿ ಹಾಕಿದರೆ ಅದೂ ಸೀಳುತ್ತದೆ. ಸೀಸ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಕಬ್ಬಿಣಕ್ಕೆ ಹೋಲಿಸಿದರೆ ಇದು ಎರಡರಷ್ಟಕ್ಕಿಂತ ಹೆಚ್ಚು. 6 ಮೀಟರ್ ಉದ್ದದ ಒಂದೇ ತುಂಡು 60 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸುಮಾರು 10 ಮಿ.ಮೀ. ಸರಿಯುತ್ತದೆ. ಸರಿಯಲು ಜಾಗವಿಲ್ಲದಿದ್ದರೆ ಒಂದೇ ಕಡೆ ಮಡಚಿ ಬಿಡಿಸಿ, ಮಡಚಿ ಬಿಡಿಸಿ, ಕೊನೆಗೆ ಸೀಳುತ್ತದೆ. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿ ತುಂಡರಿಸುತ್ತೇವಲ್ಲ, ಹಾಗೆ. 1.5 ಮೀಟರ್ ತುಂಡಾದರೆ ಇದೇ ಸರಿತ ಎರಡೂವರೆ ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಅದಕ್ಕೇ 1.5 ಮೀಟರ್‌ಗಿಂತ ಉದ್ದದ ತುಂಡು ಹಾಕಬಾರದು. ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದಾಗ ನಾನು ಇನ್ನೊಂದು ಎಡವಟ್ಟು ಮಾಡಿದ್ದೆ. ಗಾಳಿಗೆ ಏಳದಿರಲೆಂದು ಕೆಳಂಚಿಗೆ ಸಾಲಾಗಿ ಮೊಳೆ ಹೊಡೆದೆ. ವರ್ಷ ಕಳೆಯುವುದರೊಳಗೆ ಪ್ರತಿ ಮೊಳೆಯ ಸುತ್ತಲೂ ಸೀಳು.

ಸಣ್ಣ ಬಿರುಕಿಗೆ ತೇಪೆ ಹಾಕಬಹುದೇ? ತಾತ್ಕಾಲಿಕವಾಗಿ ಹಾಕಬಹುದು. ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಅಂಟುವ ಬಿಟುಮೆನ್ ಪಟ್ಟಿಯನ್ನು ಬಿರುಕಿನ ಎರಡೂ ಬದಿಗೆ ಧಾರಾಳವಾಗಿ ಬರುವಂತೆ ಒತ್ತಿ ಕೂರಿಸಿ. ಈ ಮಳೆಗಾಲ ದಾಟಿಸಲು ಅದು ಸಾಕು. ಬೆಸುಗೆಯ ತವರ ಸುರಿಯುವುದು ಬೇಡ, ಅದು ಸೀಸದ ಜೊತೆ ಹಿಗ್ಗದೆ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಸೀಸವನ್ನೇ ಕರಗಿಸಿ ಜೋಡಿಸುವ ಕೆಲಸ ಅನುಭವಿಗಳದ್ದು. ಸೀಸ ಕರಗುವುದು 327 ಡಿಗ್ರಿಗೆ, ಆದರೆ ಬೆಂಕಿಯ ಜ್ವಾಲೆ ಅದಕ್ಕಿಂತ ಎಷ್ಟೋ ಬಿಸಿ, ಕೆಳಗೆ ಒಣಗಿದ ರೀಪು ಪಕಾಸಿಗಳಿರುತ್ತವೆ.

ಬದಲಾಯಿಸುವುದಾದರೆ ಮೊದಲಿಗೆ ಸುಲಭದ ಜಾಗ ಆರಿಸಿಕೊಳ್ಳಿ, ಅಂದರೆ ಇಳಿಜಾರಿನ ಮೇಲ್ತುದಿ ಗೋಡೆಗೆ ಅಡ್ಡವಾಗಿ ಸೇರುವ ಕಡೆ. ಪಕ್ಕದ ಗೋಡೆಗೆ ಮೆಟ್ಟಿಲಿನಂತೆ ಕತ್ತರಿಸುವ ಪಟ್ಟಿ, ಚಿಮಣಿಯ ಹಿಂಬದಿಯ ಕಾಲುವೆ ಇವೆರಡೂ ಕೈ ಪಳಗಿದ ಮೇಲಿನ ಮಾತು.

ತಗಡು ಯಾವುದು? ಬ್ರಿಟನ್ನಿನ ಪದ್ಧತಿಯಲ್ಲಿ ಸೀಸದ ದಪ್ಪಕ್ಕೆ ಕೋಡ್ ಸಂಖ್ಯೆ ಇದೆ. ಒಂದು ಚದರಡಿ ತಗಡು ಎಷ್ಟು ಪೌಂಡ್ ತೂಗುತ್ತದೋ ಅದೇ ಸಂಖ್ಯೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಕೋಡ್ 4, ದಪ್ಪ 1.8 ಮಿ.ಮೀ., ಸುರುಳಿಯ ಮೇಲೆ ನೀಲಿ ಗುರುತು. ಅಗಲದ ಲೆಕ್ಕ ಹೀಗೆ: ಸಂದಿನೊಳಗೆ 25 ಮಿ.ಮೀ., ಗೋಡೆಯ ಮೇಲೆ 75ರಿಂದ 125, ಹೆಂಚಿನ ಮೇಲೆ ಕನಿಷ್ಠ 150. ಒಟ್ಟು 300 ಮಿ.ಮೀ. ಅಗಲದ ಸುರುಳಿ ಸಾಲುತ್ತದೆ. ತುಂಡುಗಳು ಒಂದರ ಮೇಲೊಂದು 100 ಮಿ.ಮೀ. ಬರಬೇಕು. 4 ಮೀಟರ್ ಗೋಡೆಗೆ 1.4 ಮೀಟರ್‌ನ ಮೂರು ತುಂಡು ಸರಿಹೋಗುತ್ತದೆ. ನೆಲದ ಮೇಲೇ ಕತ್ತರಿಸಿಕೊಳ್ಳಿ. ಅಂಥ ಒಂದು ತುಂಡೇ ಎಂಟೂವರೆ ಕಿಲೋ ತೂಗುತ್ತದೆ, ಇಡೀ ಸುರುಳಿ ಹೊತ್ತು ಏಣಿ ಹತ್ತುವುದು ಹುಚ್ಚುತನ. ಏಣಿಯೂ ಒಂದೇ ಸಾಲದು. ಎರಡೂ ಕೈಗೆ ಕೆಲಸವಿರುವುದರಿಂದ ನಿಲ್ಲಲು ಅಟ್ಟಣಿಗೆ ಬೇಕು.

ಹಳೆಯ ಪಟ್ಟಿ ಕೀಳುವಾಗ ಗಾರೆಗೆ ನೀರು ಚಿಮುಕಿಸಿ, ಧೂಳು ಏಳುವುದಿಲ್ಲ. ಸಣ್ಣ ಉಳಿಯಿಂದ ಗಾರೆ ಬಿಡಿಸಿ. ಗ್ರೈಂಡರ್ ಬೇಗ ಮುಗಿಸುತ್ತದೆ ನಿಜ, ಆದರೆ ಕೈ ಸ್ವಲ್ಪ ಜಾರಿದರೂ ಇಟ್ಟಿಗೆಯ ಅಂಚು ಹೋಯಿತು. ಸಂದು 25 ಮಿ.ಮೀ.ಗಿಂತ ಸ್ವಲ್ಪ ಆಳವಾಗಲಿ, ಬ್ರಷ್‌ನಿಂದ ಪುಡಿಯೆಲ್ಲ ತೆಗೆಯಿರಿ.

ಈಗ ಒಂದು ನೇರವಾದ ಮರದ ಪಟ್ಟಿಗೆ ತಗಡನ್ನು ಆನಿಸಿ ಮೇಲಂಚನ್ನು 25 ಮಿ.ಮೀ. ಮಡಿಸಿ. ಗಾಳಿ ಮಳೆ ಯಾವ ಕಡೆಯಿಂದ ಬಡಿಯುತ್ತದೋ ಅದರ ಎದುರು ತುದಿಯಿಂದ ಹಾಕುತ್ತಾ ಬನ್ನಿ. ಆಗ ಮೇಲೆ ಬರುವ ತುಂಡಿನ ಅಂಚು ಗಾಳಿಗೆ ಬೆನ್ನು ಮಾಡಿರುತ್ತದೆ, ನೀರು ಒಳನುಗ್ಗುವುದಿಲ್ಲ. ಮಡಿಕೆಯನ್ನು ಸಂದಿಗೆ ತಳ್ಳಿ. ಉಳಿದ ಸೀಸದ ಚೂರುಗಳನ್ನೇ ಬೆರಳಗಲದ ಪಟ್ಟಿ ಮಾಡಿ ಸುತ್ತಿ, ಬೆಣೆಯಂತೆ ಸಂದಿನೊಳಗೆ ಬಡಿದು ಕೂರಿಸಿ. ಬೆಣೆಗಳ ನಡುವೆ 450 ಮಿ.ಮೀ.ಗಿಂತ ಹೆಚ್ಚು ಅಂತರ ಬೇಡ. ಪಟ್ಟಿಯನ್ನು ಗಟ್ಟಿಯಾಗಿ ಹಿಡಿಯಬೇಕಾದದ್ದು ಇಲ್ಲಿ ಮಾತ್ರ.

ಕೆಳಂಚಿಗೆ ಮೊಳೆಯ ಬದಲು 50 ಮಿ.ಮೀ. ಅಗಲದ ತಾಮ್ರದ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಕ್ಲಿಪ್. ಸೀಸದ ಅಡಿಯಿಂದ ಹೊರಬಂದು ಅಂಚಿನ ಮೇಲೆ ಮಡಚಿಕೊಳ್ಳುವ ಈ ಕ್ಲಿಪ್ ತಗಡನ್ನು ಏಳಲು ಬಿಡುವುದಿಲ್ಲ, ಪಕ್ಕಕ್ಕೆ ಸರಿಯುವುದನ್ನು ತಡೆಯುವುದಿಲ್ಲ. ಪಟ್ಟಿ ಕೂರಿಸುವ ಮೊದಲೇ ಇವನ್ನು ಅರ್ಧ ಮೀಟರ್‌ಗೊಂದರಂತೆ ಇಟ್ಟುಕೊಳ್ಳಬೇಕು. ಮರೆತರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ.

ಹೆಂಚಿನ ಆಕಾರಕ್ಕೆ ತಗಡನ್ನು ಬಗ್ಗಿಸುವುದೇ ಈ ಕೆಲಸದ ಸೊಗಸು. ಕಬ್ಬಿಣದ ಸುತ್ತಿಗೆ ಮುಟ್ಟಬೇಡಿ, ಮರದ ಕೊಡತಿ ಸಾಕು. ಒಂದೇ ಕಡೆ ಬಡಿಯದೆ, ಉಬ್ಬಿನಿಂದ ತಗ್ಗಿಗೆ ಮೆಲ್ಲಗೆ, ಸಾಲಾಗಿ ಒತ್ತುತ್ತಾ ಬನ್ನಿ. ಅವಸರ ಮಾಡಿ ತಗ್ಗಿಗೆ ಜೋರಾಗಿ ಬಡಿದರೆ ತಗಡು ಎಳೆದುಕೊಂಡು ತೆಳುವಾಗುತ್ತದೆ. ಹೊಸದಾಗಿ ಕತ್ತರಿಸಿದ ಅಂಚು ಬೆಳ್ಳಿಯಂತೆ ಹೊಳೆಯುತ್ತದೆ, ಕೆಲವೇ ದಿನಗಳಲ್ಲಿ ಮಂಕಾಗುತ್ತದೆ.

ಸಂದು ಮುಚ್ಚಲು ಗಾರೆಗಿಂತ ಸೀಸಕ್ಕೆಂದೇ ಇರುವ ಸೀಲೆಂಟ್ ಮೇಲು. ಅದು ಬಳುಕುತ್ತದೆ. ಗಾರೆ ಬಿರುಕು ಬಿಟ್ಟು ಉದುರುತ್ತದೆ, ಹಸಿ ಸಿಮೆಂಟಿನ ಕ್ಷಾರ ಸೀಸವನ್ನು ಕೊರೆಯುವುದೂ ಉಂಟು. ತುಂಡುಗಳ ಮೇಲೊದಿಕೆಗೆ ಮಾತ್ರ ಸೀಲೆಂಟ್ ಹಚ್ಚಬೇಡಿ. ಅಲ್ಲಿ ಅವು ಸರಿದಾಡಬೇಕು. ಕೊನೆಗೆ ಅದೇ ದಿನ ಪ್ಯಾಟಿನೇಷನ್ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಬಳಿಯಿರಿ, ಅಂಚಿನ ಅಡಿಗೂ ತಾಗಲಿ. ಬಿಟ್ಟರೆ ಮೊದಲ ಮಳೆಗೇ ಬಿಳಿ ನೀರು ಇಳಿದು ಹೆಂಚಿನ ಮೇಲೆ ಸುಣ್ಣ ಚೆಲ್ಲಿದಂತೆ ಕಲೆಯಾಗುತ್ತದೆ.

ಸೀಸ ವಿಷ. ಕೆಲಸದ ನಡುವೆ ಕೈ ತೊಳೆಯದೆ ಏನನ್ನೂ ತಿನ್ನಬೇಡಿ, ಕುಡಿಯಬೇಡಿ, ಬೀಡಿ ಸಿಗರೇಟು ಸೇದಬೇಡಿ. ಒಣ ಸೀಸವನ್ನು ಉಜ್ಜಬೇಡಿ. ಬಟ್ಟೆ ಬೇರೆಯಾಗಿ ಒಗೆಯಿರಿ. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರ ಇರಿಸಿ. ಮಾಡಿನ ನೀರು ಹಿಡಿದಿಟ್ಟು ಕುಡಿಯುವವರಾದರೆ ಸೀಸದ ಯೋಚನೆಯನ್ನೇ ಬಿಟ್ಟು ಸೀಸವಿಲ್ಲದ ಫ್ಲ್ಯಾಷಿಂಗ್ ಹಾಕಿಸಿಕೊಳ್ಳಿ. ಕಿತ್ತ ಹಳೆಯ ತಗಡನ್ನು ಕಸಕ್ಕೆ ಎಸೆಯದೆ ಗುಜರಿಗೆ ಕೊಡಿ. ಅದನ್ನು ಕರಗಿಸಿ ಮತ್ತೆ ತಗಡು ಮಾಡುತ್ತಾರೆ.